ಜೆನೆವಿಯೆವ್‌ಗೆ ಬಿದ್ದ ಗುದ್ದು

"ಈ ಜಿಲ್ಲೇಲಿ ಇಲ್ಲೀತನಕ ಯಾರೂ ಇಟ್ಟಿರಬಾರ್ದು, ಇನ್ಮುಂದೆ ಇಡಾಕೆ ಯಾರಿಗೂ ಧೈರ್ಯ ಬರಬಾರ್ದು. ಅಂಥ ಹೆಸರು ಇಡ್ತೀನಿ ನನ್ನ ಮಗಳಿಗೆ!" ಎಂದು ರಂಗೇಶ ಆಸ್ಪತ್ರೆಯ ಕಾರಿಡಾರಿನಲ್ಲೇ ಭೀಷಣ ಶಪಥ ಮಾಡಿದ. ಕೂಸು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ರಂಗೇಶ ತಾಳ್ಯದವನು. ಚಿತ್ರದುರ್ಗದ ಟೈಲ್ಸ್ ಅಂಗಡಿಯೊಂದರಲ್ಲಿ ಸೇಲ್ಸ್ ಮ್ಯಾನೇಜರು. ಗುಜರಾತಿನಲ್ಲಿ ಬೆಂದ ಟೈಲ್ಸನ್ನು ಇಟಲಿಯ ಹೆಸರು ಹೇಳಿ ಮಾರಿ ಮಾರಿ, ಹೆಸರು ಫಾರಿನ್ನಿನದಾದರೆ ಮಾಲೂ ಫಾರಿನ್ನಿನದೇ ಎಂದು ಕೊನೆಗೆ ಅವನೇ ನಂಬಿಬಿಟ್ಟಿದ್ದ. ಹೆಂಡತಿ ಅನುಪಮಾ ಬಾಣಂತನಕ್ಕೆ ತವರೂರು ಯಲ್ಲದಕೆರೆಗೆ ಹೋದಳು. ಇವನು ಹೆಸರು ಹುಡುಕುತ್ತ ಮೊಬೈಲಿನಲ್ಲಿ ನೇರ ಫ್ರಾನ್ಸಿಗೆ ಹೋದ!

"ಸೆಸೀಲ್! ಹೆಂಗೈತೆ ಅನು? ಬಾಯಾಗೆ ಬೆಣ್ಣೆ ಕರಗಿದಂಗೆ!"

"ಅರ್ಥ ಏನ್ರಿ?"

ಫೋನಿನ ಆ ಕಡೆ ತಡಕಾಟ. ಆಮೇಲೆ ಸಣ್ಣ ದನಿ: "ಕುರುಡಿ ಅಂತೆ."

"ಭೇಷ್! ನಾಳೆ ಕುಂಟಿ ಅಂತ ಒಂದು ಹುಡುಕ್ರಿ."

ಮರುದಿನ ಮಹಾಶಯ 'ಕ್ಲೋಡೀನ್' ತಂದ. ಅದರ ಅರ್ಥ ನಿಜವಾಗಿಯೂ ಕುಂಟಿ ಎಂದಿತ್ತು. ಅನುಪಮಾ ನಕ್ಕ ನಗುವಿಗೆ ಕೂಸು ಎದ್ದು ಕೂತು ಅಳುವುದೊಂದು ಬಾಕಿ.

ಅಂತೂ ಒಂದು ಸಿಕ್ಕಿತು. "ಜೆನೆವಿಯೆವ್! ಅಂದ್ರೆ ಕುಲದ ಹೆಣ್ಣು!"

ಅತ್ತೆ ಏಕನಾಥಮ್ಮ ಫೋನಿಗೆ ಬಾಯಿ ತಂದರು. "ಅಳಿಯಂದ್ರೇ, ಕುಲದ ಹೆಣ್ಣು ನೋಡಾಕೆ ಅಷ್ಟು ದೂರ ಹೋಗಿದ್ರಾ? ನಮ್ಮೂರಿಗೆ ಬಂದಿದ್ರೆ ಮನಿಗೆ ನಾಕು ತೋರಿಸ್ತಿದ್ವಲ್ರಿ!"

"ನಿಮಗೆ ಟೇಸ್ಟಿಲ್ಲ ಬಿಡ್ರಿ ಅತ್ತೆ."

ಅಷ್ಟಕ್ಕೇ ಸುಮ್ಮನಾಗಿದ್ದರೆ ಬದುಕಿಕೊಳ್ಳುತ್ತಿದ್ದ. ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಆಡಿಯೊ ಪಾಠವನ್ನೇ ಕಳಿಸಿದ. "ಹಳ್ಳಿ ಗುಗ್ಗುಗಳಂಗೆ ಜೆನವ್ವ ಗಿನವ್ವ ಅಂತ ಕೂಗಬ್ಯಾಡ್ರಿ. ಕೊನೇಲಿ ಕೆಳತುಟಿ ಕಚ್ಚಿ ಬಿಡ್ಬೇಕು. ಕಚ್ರಿ, ಬಿಡ್ರಿ." ಯಲ್ಲದಕೆರೆಯ ಹೆಂಗಸರು ಕಚ್ಚಿದರು, ಬಿಟ್ಟರು. ಹಲ್ಲು ಕಚ್ಚಿದ್ದನ್ನು ಮಾತ್ರ ಬಿಡಲಿಲ್ಲ.

ತೊಟ್ಟಿಲ ಶಾಸ್ತ್ರದ ದಿನ ರಂಗೇಶ ಕೋಟು ತೊಟ್ಟು ಬಂದ. ಅಂಗಡಿಯವರೆಲ್ಲ ನೇರಪ್ರಸಾರ ನೋಡಲೆಂದು ಮೊಬೈಲನ್ನು ಗೋಡೆಗೆ ಒರಗಿಸಿಟ್ಟ. ಈ ಹೆಸರೊಂದು ಕೂಸಿನ ಕಿವಿಗೆ ಬಿದ್ದರೆ ಅಂಗಡಿಯಲ್ಲಿ ತನ್ನ ದರ್ಜೆಯೇ ಬೇರೆ ಎಂಬುದು ಅವನ ಲೆಕ್ಕ.

ಶಾಸ್ತ್ರವೇನೋ ಸರಳ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಬಗ್ಗಿದವಳ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದಬೇಕು. ಹೆಸರು ಪೂರ್ತಿ ಹೊರಬಿದ್ದ ಮೇಲೆಯೇ ಗುದ್ದು ನಿಲ್ಲುವುದು. ಗೌರಿ, ಗಂಗೆಯಾದರೆ ಒಂದೆರಡರಲ್ಲಿ ಮುಗಿಯುತ್ತದೆ. ಹಿರಿಯರು ಚಿಕ್ಕ ಹೆಸರಿಡುತ್ತಿದ್ದುದು ಸುಮ್ಮನೆ ಅಲ್ಲ!

ರಂಗೇಶನ ಅಕ್ಕ ನಾಗಕ್ಕ ಬಗ್ಗಿದಳು. "ಜೆ..." ಗುದ್ದು! "ಜೆನೆ..." ಗುದ್ದು, ಗುದ್ದು! ಸೊಂಟ ಹಿಡಿದುಕೊಂಡು ಎದ್ದೇಬಿಟ್ಟಳು.

"ಲೇ ರಂಗ, ನನಗಿರಾದು ಒಂದೇ ಬೆನ್ನು ಕಣೋ! ನಿನ್ನ ಫ್ರಾನ್ಸಿನಾಕಿ ಅರ್ಧ ದಾರೀಗೂ ಬರ್ಲಿಲ್ಲ!"

"ನಿನಗೆ ನಾಲಿಗೆ ತಿರುಗಲ್ಲ ಅಂತ ಹೇಳು. ಸರಿ ಆ ಕಡೆ, ನಾನೇ ಹೇಳ್ತೀನಿ."

ಆ ತೊಟ್ಟಿಲಿಗೆ ಗಂಡಸೊಬ್ಬ ಬಗ್ಗಿದ್ದನ್ನು ಊರು ಕಂಡಿರಲಿಲ್ಲ. ಏಕನಾಥಮ್ಮ ತಡೆದರು: "ಬ್ಯಾಡ್ರಿ ಅಳಿಯಂದ್ರೇ. ಯಾರು ಬಗ್ಗಿದ್ರೂ ಶಾಸ್ತ್ರ ಶಾಸ್ತ್ರಾನೇ."

"ಹೆಂಗಸರ ಗುದ್ದು ತಾನೇ? ಬೀಳ್ಲಿ ಬಿಡ್ರಿ!" ಎಂದು ನಕ್ಕು, ಕೋಟು ಸರಿಮಾಡಿಕೊಂಡು ಬಗ್ಗಿದ.

ಪಾಪ, ಆ ಕೈಗಳ ಪರಿಚಯ ಅವನಿಗಿರಲಿಲ್ಲ. ದಿನಾ ಮುದ್ದೆ ತೊಳಸುವ ಕೈ, ಟಗರಿನ ಕೊಂಬು ಹಿಡಿದು ನಿಲ್ಲಿಸುವ ಕೈ!

"ಜೆ..." ಎಂದದ್ದೇ ತಡ. "ಇದು ತುಟಿ ಕಚ್ಚಿದ್ದಕ್ಕೆ!" ಧಡ್! "ಇದು ಬಿಟ್ಟಿದ್ದಕ್ಕೆ!" ಧಡ್! "ಇದು ಗುಗ್ಗುಗಳ ಲೆಕ್ಕಕ್ಕೆ!" ನಾಗಕ್ಕ ಸೊಂಟನೋವು ಮರೆತು ಓಡಿಬಂದು, "ಇದು ನನ್ನ ನಾಲಿಗೇಗೆ!" ಎಂದು ತಮ್ಮನಿಗೆ ಎರಡು ಬಿಟ್ಟಳು. ಏಕನಾಥಮ್ಮ ಮರ್ಯಾದಸ್ಥರು. ಅಳಿಯನ ಮೇಲೆ ಕೈ ಮಾಡಬಾರದೆಂದು ಮುಖ ಆ ಕಡೆ ತಿರುಗಿಸಿಕೊಂಡು ಗುದ್ದಿದರು.

"ಜೆನೆ... ಅಯ್ಯಯ್ಯೋ... ಯವ್ವಾ, ಹುಲಿಗೆಮ್ಮಾ!"

ಬೆನ್ನು ಮುರಿಯುವಾಗ ತಾಳ್ಯದವನ ಬಾಯಿಗೆ ಪ್ಯಾರಿಸ್ಸು ಬರುತ್ತದೆಯೇ? ಮನೆದೇವರೇ ಬಂದಳು. ಅದೂ ಕೂಸಿನ ಕಿವಿಯಲ್ಲೇ, ಸ್ಪಷ್ಟವಾಗಿ, ಹೆತ್ತಪ್ಪನ ಬಾಯಿಂದಲೇ!

ಗುದ್ದು ತಕ್ಷಣ ನಿಂತಿತು. ಹೆಸರು ಬಂತಲ್ಲ! "ಹುಲಿಗೆಮ್ಮಾ, ಜೋ ಜೋ!" ಎಂದು ಹೆಂಗಸರು ಸಕ್ಕರೆ ಹಂಚಲು ಶುರುಮಾಡಿದರು.

"ರೀ, ಅದು ಹೆಸರಲ್ರಿ! ನೋವಿಗೆ ಕೂಗಿದ್ದು! ಇನ್ನೊಂದ್ಸಲ ಹೇಳ್ತೀನಿ..."

"ಇನ್ನೊಂದ್ಸಲಾನಾ?" ಹೆಂಗಸರೆಲ್ಲ ಸಂತೋಷದಿಂದ ಸೆರಗು ಸಿಕ್ಕಿಸಿಕೊಂಡರು. ರಂಗೇಶ ನಾಲ್ಕು ಹೆಜ್ಜೆ ಹಿಂದೆ ಸರಿದ.

"ಕಿವಿಗೆ ಬಿದ್ದ ದೇವರ ಹೆಸರು ವಾಪಸ್ ತಗಂಬಾಕೆ ಅದೇನು ನಿಮ್ಮ ಅಂಗಡಿ ಟೈಲ್ಸೇನ್ರಿ?" ಎಂದು ಏಕನಾಥಮ್ಮ ಅವನ ಬಾಯಿಗೂ ಒಂದು ಚಿಟಿಕೆ ಸಕ್ಕರೆ ಹಾಕಿದರು.

ಆಗ ನೆನಪಾಯಿತು, ನೇರಪ್ರಸಾರ! ಗೋಡೆಗೆ ಒರಗಿದ್ದ ಮೊಬೈಲು ಎಲ್ಲವನ್ನೂ ನಿಷ್ಠೆಯಿಂದ ಚಿತ್ರದುರ್ಗಕ್ಕೆ ಮುಟ್ಟಿಸಿತ್ತು. ಮೆಸೇಜುಗಳು ಟಣ್ ಟಣ್ ಎಂದು ಸುರಿಯುತ್ತಿದ್ದವು. ರಂಗೇಶ ಗೋಡೆ ಹಿಡಿದುಕೊಂಡು ಹೆಂಡತಿಯ ಹತ್ತಿರ ಬಂದ.

"ಅನು, ಹುಲಿಗೆಮ್ಮ ಅಂದ್ರೆ ಫ್ರೆಂಚಲ್ಲಿ ಏನರ್ಥ ಅಂತ ಅಂಗಡಿಯೋರೆಲ್ಲ ಕೇಳ್ತಾ ಅವ್ರೆ. ಏನ್ ಹೇಳ್ಲಿ?"

ಅನುಪಮಾ ತೊಟ್ಟಿಲು ತೂಗುತ್ತಲೇ ಅಂದಳು: "ಬಾಯಾಗೆ ಹೇಳಾಕೆ ಹೋಗಬ್ಯಾಡ್ರಿ. ಅಂಗಿ ಬಿಚ್ಚಿ ಬೆನ್ನು ತೋರಿಸ್ರಿ."