ಅರಿಸಿನ ಗೋದಾಮಿನ ರಾಕು

ಗುಂಡ್ಲುಪೇಟೆಯಲ್ಲಿರುವ ನನ್ನ ಅತ್ತೆ ಮಗನಿಗೆ ಸಂಗೀತ ಬರುವುದಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದುಕೊಂಡಿರಾ? ಸರಿಯಾಗಿಯೇ ಅಂದುಕೊಂಡಿದ್ದೀರಿ. ಆದರೂ ಅವನಿಗೆ ಬರುವುದಿಲ್ಲ!

ನನಗೆ ಬರುತ್ತದೆ. ಚಾಮರಾಜನಗರದಲ್ಲಿ ಮೇಷ್ಟರ ಮುಂದೆ ವರ್ಷಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂತು ಸರಳೆ, ಜಂಟಿ, ವರ್ಣ ಎಲ್ಲ ಕಲಿತವನು ನಾನು. ಗಣಪತಿ ಪೆಂಡಾಲಿನಲ್ಲಿ ನಾನು ಆಲಾಪನೆ ಎತ್ತಿಕೊಂಡರೆ ಜನ ಒಬ್ಬೊಬ್ಬರಾಗಿ ಚುರುಮುರಿ ಗಾಡಿಯ ಕಡೆ ಹೊರಡುತ್ತಿದ್ದರು. ಗಾಡಿಯವನಿಗೆ ಮಾತ್ರ ನನ್ನ ಮೇಲೆ ಬಹಳ ಗೌರವ.

ಅತ್ತೆ ಮಗನದು ರೇಡಿಯೋ ರಿಪೇರಿ ಅಂಗಡಿ. ತೊಂಬತ್ತರ ದಶಕದಲ್ಲಿ ಊರೆಲ್ಲ ಟೀವಿ ಕೊಳ್ಳತೊಡಗಿದಾಗ ಅವನಿಗೆ ಕೆಲಸ ಕಮ್ಮಿಯಾಯಿತು. ಸುಮ್ಮನೆ ಕೂರುವ ಜಾತಿಯೇ ಅವನು? ಸುಲ್ತಾನ್ ಬತ್ತೇರಿಗೆ ಹೋಗಿ ಹಳೆಯದೊಂದು ಎಲೆಕ್ಟ್ರಿಕ್ ಗಿಟಾರ್ ತಂದ. ಭಜನೆಮನೆಯವರು ಬಿಸಾಡಿದ್ದ ಮೈಕ್‌ಸೆಟ್ಟಿಗೆ ಸಿಕ್ಕಿಸಿದ. ತೆರಕಣಾಂಬಿಯ ಮದುವೆ ಬ್ಯಾಂಡಿನ ಡ್ರಮ್ಮಿನವನೂ ಕೀಬೋರ್ಡ್ ನುಡಿಸುವ ಬೇಕರಿಯ ಮಲಯಾಳಿಯೂ ಜೊತೆಗೆ ಸೇರಿದರು. ಅಭ್ಯಾಸಕ್ಕೆ ಖಾಲಿ ಬಿದ್ದಿದ್ದ ಅರಿಸಿನದ ಗೋದಾಮು. ಡ್ರಮ್ ಬಡಿದಾಗಲೆಲ್ಲ ತೊಲೆಗಳಿಂದ ಹಳೆಯ ಅರಿಸಿನದ ಪುಡಿ ಉದುರುತ್ತಿತ್ತು. ಸಂಜೆ ಮೂವರೂ ಮದುವಣಿಗರ ಹಾಗೆ ಹಳದಿಯಾಗಿ ಹೊರಬರುತ್ತಿದ್ದರು.

ಇದಕ್ಕೆ ರಾಕ್ ಅನ್ನುತ್ತಾರೆಂದು ಅವನು ಅತ್ತೆಗೆ ಹೇಳಿದ. ರಾಕ್ ಅಂದರೆ ಬಂಡೆ ಎಂದು ಮತ್ಯಾರೋ ಬಿಡಿಸಿ ಹೇಳಿದರು. ಬಂಡೆ ಉರುಳಿದ ಹಾಗೇ ಇದೆ, ಹೆಸರು ಸರಿಯಾಗಿದೆ ಎಂದು ಅತ್ತೆ ಒಪ್ಪಿಕೊಂಡರು.

ಇಷ್ಟಕ್ಕೇ ನಿಂತಿದ್ದರೆ ನಾನು ಸುಖವಾಗಿರುತ್ತಿದ್ದೆ. ಅವರು ಮೈಸೂರಿಗೆ ಹೋಗಿ ಕ್ಯಾಸೆಟ್ ಮಾಡಿಸಿಬಿಟ್ಟರು!

ಬಾಗಿಲು ಹಾಕಿಕೊಂಡು ಕೇಳಿದೆ. ಮೊದಲ ಹಾಡು ಬಂಡೀಪುರದ ರಸ್ತೆಗೆ ಅಡ್ಡ ನಿಂತ ಆನೆಯದು. ಹಾಡುತ್ತಿದ್ದ ಅತ್ತೆ ಮಗ ಇನ್ನೂ ಆನೆಯ ಹತ್ತಿರವಿದ್ದಾಗಲೇ ಡ್ರಮ್ಮಿನವನು ಹಾಡು ಮುಗಿಸಿ ಮನೆಗೆ ಹೋಗಿದ್ದ. ಎರಡನೆಯದರಲ್ಲಿ ಗಿಟಾರಿನದು ಒಂದು ಶ್ರುತಿ, ಇವನದು ಇನ್ನೊಂದು. ನನಗೆ ಎಷ್ಟು ಸಮಾಧಾನವಾಯಿತು ಅಂತೀರಿ! ಆದರೆ ಮೂರನೆಯದು ತಲೆಯಲ್ಲೇ ಕೂತುಬಿಟ್ಟಿತು. ಸ್ನಾನ ಮಾಡುವಾಗ ಬಾಯಿಗೆ ಬಂತು. ಏನು ಹಾಡುತ್ತಿದ್ದೀರಿ ಎಂದು ಹೆಂಡತಿ ಕೇಳಿದಳು. ಹಂಸಧ್ವನಿ ಎಂದೆ.

ಗುಂಡ್ಲುಪೇಟೆ ಬಸ್ಸಿನಲ್ಲೂ ಅದೇ ಕ್ಯಾಸೆಟ್. ಡ್ರೈವರ್ ಹಿಂದಕ್ಕೆ ಸುತ್ತಿ ಸುತ್ತಿ ಹಾಕುತ್ತಿದ್ದ. ಚಾಮರಾಜನಗರದಲ್ಲಿ ನನಗೆ ಕ್ಷೌರ ಮಾಡುವವನು ಕತ್ತರಿ ನಿಲ್ಲಿಸಿ, ನೀವು ಆ ಗಿಟಾರಿನವರ ಭಾವನಂತಲ್ಲ, ನಿಮಗೂ ಹಾಡಲು ಬರುತ್ತದೆಯೇ ಎಂದು ವಿಚಾರಿಸಿದ. ಕತ್ತು ಅವನ ಕೈಯಲ್ಲಿತ್ತು. ಸ್ವಲ್ಪ ಬರುತ್ತದೆ ಎಂದೆ.

ಒಂದು ಭಾನುವಾರ ಮಧ್ಯಾಹ್ನ ಅವನೇ ನಮ್ಮ ಮನೆಗೆ ಬಂದ. ಕೂಡಿಟ್ಟಿದ್ದ ತಪ್ಪುಗಳನ್ನೆಲ್ಲ ಒಂದೊಂದಾಗಿ ಅವನ ಮುಂದೆ ಸುರಿದೆ. ಅವನು ತಲೆಯಾಡಿಸುತ್ತ ಕೇಳಿಸಿಕೊಂಡ.

"ಊಂ ಬಾವ, ಶ್ರುತಿ ಎಲ್ಲಿ ತಪ್ಪೋಯ್ತೋ ನಮಗೂ ಗೊತ್ತಾಗ್ನಿಲ್ಲ. ಮುಂದಿನ್ ಕ್ಯಾಸೆಟ್ಗೆ ನೀನೂ ಬಂದು ಕೂತ್ಕೊ."

ಬೈದರೂ ನೋಯದವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ, ನಿಮಗೆ ಗೊತ್ತೆ?

ಕೊನೆಯ ಹಾಡು ಕೇಳಿದೆಯಾ ಎಂದ. ಅಲ್ಲಿಯವರೆಗೆ ಕೇಳುವ ತಾಳ್ಮೆ ನನಗಿರಲಿಲ್ಲ. ಅವನೇ ಹಾಕಿದ. ಮುಹೂರ್ತವಿದೆಯೆಂದು ಡ್ರಮ್ಮಿನವನು ಅಷ್ಟರಲ್ಲಿ ಹೊರಟುಹೋಗಿದ್ದನಂತೆ. ಹಾಗಾಗಿ ಬರೀ ಗಿಟಾರು, ಇವನ ದನಿ. ಸಾಲಿನ ತುದಿಯಲ್ಲಿ ದನಿ ಮೆಲ್ಲಗೆ ಇಳಿದು, ಉಸಿರಿನಲ್ಲಿ ಕರಗುತ್ತಿತ್ತು.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವನ ಕೈ ನಿಂತಿತು.

"ನಿಮ್ಮಪ್ಪ ಹೊಲ ಉಳೋವಾಗ ಇಂಗೇಯ ಕಣಪ್ಪ ಹಾಡ್ತಿದ್ದದ್ದು," ಎಂದು ನನ್ನ ಕಡೆ ತಿರುಗಿದಳು. "ಕಡೇಲಿ ಇಂಗೇ ದನಿ ಇಳಿಸೋರು."

ಅಪ್ಪ ಹೋದಾಗ ನಾನಿನ್ನೂ ಎದೆಹಾಲು ಬಿಡದ ಕೂಸು. ಅಪ್ಪನ ಮುಖ ಫೋಟೋದಲ್ಲಿ ನೋಡಿದ್ದೇನೆ. ದನಿ ಹೇಗಿತ್ತೆಂದು ಯಾವ ಮೇಷ್ಟರೂ ನನಗೆ ಕಲಿಸುವ ಹಾಗಿರಲಿಲ್ಲ. ಅದು ಅಪ್ಪನ ತಂಗಿಯ ಮಗನ ಗಂಟಲಿಗೆ ಹೋಗಿ ಕೂತಿದೆ.

ಹಾಡು ಮುಗಿಯಿತು. ಅತ್ತೆ ಮಗ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಿದ್ದ.

"ಇನ್ನೊಂದ್ ಸಲ ಹಾಡು ಕಣ್ಲಾ," ಎಂದೆ. "ಟೇಪ್ ಬ್ಯಾಡ. ನೀನೇ ಹಾಡು."

ಅವನು ಹಾಡಿದ. ನಾನು ಅವ್ವನ ಪಕ್ಕ ಹೋಗಿ ಕೂತು, ಕಣ್ಣು ಮುಚ್ಚಿ ಅಪ್ಪನ ದನಿ ಕೇಳಿದೆ.