ಕೇಳಿದವರಿಗೆ ಮೂಲ ಕೊಡಲಾಗುವುದು

ಯಾರೂ ಕೇಳಲು ಬರದಿದ್ದರೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಬಹಳ ಸುಲಭ. ನಾನು ಹೊನ್ನಾಳಿಯಲ್ಲಿ ಹಾಗೆಯೇ ಮಾನವಂತನೆನಿಸಿಕೊಂಡು ಬದುಕಿದ್ದೆ. ನನ್ನದು ರಿಪೇರಿ ಅಂಗಡಿ. ಜೊತೆಗೆ ಶಾಲೆಗಳಿಗೆ ಗಂಟೆ ಪೆಟ್ಟಿಗೆ ಮಾಡಿ ಮಾರುತ್ತೇನೆ, ಹೊತ್ತಿಗೆ ಸರಿಯಾಗಿ ತಾನೇ ಬಾರಿಸುವಂಥದ್ದು. ಪೆಟ್ಟಿಗೆ ಜೋಡಿಸುವವನು ನಾನು, ಒಳಗಿನ ಪ್ರೋಗ್ರಾಂ ನ್ಯಾಮತಿಯ ಗೆಳೆಯ ರುದ್ರೇಶನದು. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟಿದ್ದನ್ನು ಅವನು ನಮ್ಮ ಶಾಲೆಗಳಿಗೆ ಹೊಂದುವಂತೆ ತಿದ್ದಿದ್ದ. ಪುಕ್ಕಟೆಯಾದರೂ ಅದಕ್ಕೊಂದು ಲೈಸೆನ್ಸು, ಲೈಸೆನ್ಸಿಗೊಂದು ಷರತ್ತು: ಪೆಟ್ಟಿಗೆ ಕೊಂಡವರು ಕೇಳಿದರೆ ತಿದ್ದಿದ ಪ್ರೋಗ್ರಾಮಿನ ಮೂಲ ಬರಹ ಕೊಡಬೇಕು, ಅವರೂ ಬೇಕಾದಂತೆ ತಿದ್ದಿಕೊಳ್ಳಲಿ ಎಂದು. ರುದ್ರೇಶ ಇಂಥದ್ದರಲ್ಲಿ ಬಲು ಕಟ್ಟುನಿಟ್ಟು. "ಬರೆದು ಹಾಕೋ, ಜನಕ್ಕೆ ಗೊತ್ತಾಗ್ಲಿ" ಅಂದ. ಅಂಗಡಿ ಮುಂದೆ ಬೋರ್ಡು ಹಾಕಿಸಿದೆ: ಕೇಳಿದವರಿಗೆ ಮೂಲ ಕೊಡಲಾಗುವುದು.

ಮೊದಲು ಬಂದವರು ಸಾಸ್ವೆಹಳ್ಳಿಯ ಹಿರಿಯರೊಬ್ಬರು. ಕುರ್ಚಿ ಹಾಕಿದರೂ ಕೂರಲಿಲ್ಲ. "ಎಲ್ಲಾ ಕಡೆ ಮೂಲ ವಾಸಿ ಮಾಡ್ತೀವಿ ಅಂತ ಬರ್ದಿರ್ತಾರೆ. ನೀವೇನ್ರೀ ಕೊಡ್ತೀವಿ ಅಂತ ಬರ್ದೀರಿ? ನಂಗೆ ಈಗಿರಾದೇ ಸಾಕಾಗೈತೆ" ಅಂದರು. ಇದನ್ನು ಹೇಳಿದಾಗ ರುದ್ರೇಶ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ಹೋದ ವರ್ಷ ಹೃದಯಾಘಾತವಾಗಿ ತೀರಿಕೊಂಡ. ಅವನಿಲ್ಲದ ಮೇಲೆ ಅಂಗಡಿಯ ಬಾಗಿಲು ತೆಗೆಯುವುದೇ ಬೇಜಾರು.

ಮೊನ್ನೆ ಜಗಳೂರು ಕಡೆಯಿಂದ, ಸೊಕ್ಕೆಯ ಮೇಷ್ಟ್ರೊಬ್ಬರು ತಮ್ಮ ಶಾಲೆಯ ಪೆಟ್ಟಿಗೆ ಹೊತ್ತು ತಂದರು. "ಬೇಸಿಗೇಲಿ ನಮ್ದು ಬೆಳಗಿನ ಶಾಲೆ. ಇದ್ರಾಗೆ ಟೈಮ್ ಬದಲಾಯಿಸಾಕೆ ಬರಲ್ಲ. ಮೂಲ ಕೊಡ್ರಿ, ನಾನೇ ತಿದ್ಕೊಂತೀನಿ" ಅಂದರು. ಮೂಲವನ್ನು ಸರಿಯಾಗಿ ಅರ್ಥ ಮಾಡಿಕೊಂಡು ಬಂದ ಮೊದಲ ಮನುಷ್ಯ! ನಾನು ಉಬ್ಬಿಹೋದೆ. ನನ್ನ ಕಂಪ್ಯೂಟರಿನಲ್ಲಿ ರುದ್ರೇಶ ಇಟ್ಟುಕೊಟ್ಟಿದ್ದ 'ಮೂಲ' ಎಂಬ ಐಕಾನನ್ನು ಇಷ್ಟು ವರ್ಷ ಯಾರೂ ಅಳಿಸದಂತೆ ಕಾದುಕೊಂಡಿದ್ದೆ. ಅದನ್ನು ಒತ್ತಿದೆ. ತೆರೆಯಲಿಲ್ಲ. ಮೇಷ್ಟ್ರು ಬಗ್ಗಿ ನೋಡಿ, "ಇದು ಬರೀ ಶಾರ್ಟ್‌ಕಟ್ ರೀ. ಫೈಲು ಯಾವ್ದೋ ಪೆನ್‌ಡ್ರೈವ್‌ನಾಗೆ ಐತೆ" ಅಂದರು. ಮನೆಯ ಬದಲು ಮನೆಗೆ ಹೋಗುವ ದಾರಿಯ ಫಲಕವನ್ನು ನಾನು ಭದ್ರ ಮಾಡಿದ್ದೆ.

ನ್ಯಾಮತಿಗೆ, ರುದ್ರೇಶನ ಹೆಂಡತಿಗೆ ಫೋನು ಮಾಡಿದೆ. "ಪೆನ್‌ಡ್ರೈವ್ ಎಲ್ಲೂ ಕಂಡಿಲ್ಲ ಅಣ್ಣಾರೆ. ಕಂಪ್ಯೂಟರು ಮಗಳಿಗೆ ಓದಾಕೆ ಬೇಕು ಅಂತ ಎಲ್ಲಾ ಅಳಿಸಿಬಿಟ್ವಿ" ಅಂದರು. ಮತ್ತೆ, "ನೀವು ಇಟ್ಕೊಂಡೀರಿ ಅಂತಾನೇ ಅಳಿಸಿದ್ದು. ಅವ್ರು ತಾವು ಬರ್ದಿದ್ದೆಲ್ಲಾ ನಿಮ್ಮತ್ರ ಭದ್ರವಾಗೈತೆ ಅಂತಿದ್ರು" ಅಂದರು. "ಹೌದಮ್ಮ" ಅಂದು ಫೋನಿಟ್ಟೆ.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆ ನನ್ನಲ್ಲೇ ಬಿಟ್ಟು, ಶಾಲೆಗೆ ಮತ್ತೆ ಕೈಗಂಟೆಯೇ ಗತಿ ಎಂದು ಹೊರಟರು. ನಾನು ಬೋರ್ಡು ಇಳಿಸಿದೆ.

ಆ ಪೆಟ್ಟಿಗೆ ಈಗ ಅಂಗಡಿಯಲ್ಲೇ ಇದೆ. ರುದ್ರೇಶ ಗೊತ್ತು ಮಾಡಿದ ಹೊತ್ತಿಗೆ ದಿನವೂ ಬಾರಿಸುತ್ತದೆ. ಅದನ್ನು ಬದಲಿಸಲು ಇನ್ನು ಯಾರಿಂದಲೂ ಆಗದು. "ಪ್ಲಗ್ ಕಿತ್ತರಾತು, ತಲೆ ಚಿಟ್ಟು ಹಿಡಿದೈತೆ" ಅನ್ನುತ್ತಾಳೆ ಅಂಗಡಿಗೆ ಬಂದಾಗಲೆಲ್ಲ ಹೆಂಡತಿ. ನಾನು ಕೀಳುವುದಿಲ್ಲ. ಊಟದ ಗಂಟೆಗೆ ಡಬ್ಬಿ ಬಿಚ್ಚುತ್ತೇನೆ. ಕೊನೆಯ ಗಂಟೆಗೆ, ಎದುರಿಗೆ ಗಿರಾಕಿ ನಿಂತಿದ್ದರೂ, ಎದ್ದು ಬಾಗಿಲೆಳೆಯುತ್ತೇನೆ. ಶಾಲೆಗೆ ಹೋಗುವ ಕಾಲದಲ್ಲೂ ನಾನು ಇಷ್ಟು ವಿಧೇಯನಾಗಿರಲಿಲ್ಲ.