ಗುಳಿಗೆ ಬಿಡಲು ಗುಂಡಿಗೆ ಬೇಕು

ಎದೆ ಒಡೆದು ಸಾಯಬೇಕಾದವನು ಬದುಕಿ ಮನೆಗೆ ಬಂದರೆ ಇಂಥ ಪ್ರಸಂಗಗಳು ಅವನನ್ನು ಹುಡುಕಿಕೊಂಡು ಬರುತ್ತವೆ. ಅಕ್ಕಲಕೋಟೆಯಲ್ಲಿ ನನ್ನದೊಂದು ಕಂಬಳಿ ಅಂಗಡಿ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಗಿರಾಕಿಗೆ ಕಂಬಳಿ ಬಿಚ್ಚಿ ತೋರಿಸುತ್ತಿದ್ದವನು ಅದರ ಮೇಲೆಯೇ ಉರುಳಿಬಿದ್ದೆ. ಗಿರಾಕಿ ಆ ಕಂಬಳಿ ಬೇಡವೆಂದು ಹೋದ. ಸೊಲ್ಲಾಪುರದ ಡಾಕ್ಟರು ಹೃದಯಾಘಾತವೆಂದರು, ಹೇಗೋ ಉಳಿಸಿದರು, ರಕ್ತ ಹೆಪ್ಪುಗಟ್ಟದಂತೆ ತೆಳುವಾಗಿಡುವ ಗುಳಿಗೆ ಕೊಟ್ಟರು. ನುಂಗುವುದು ಸುಲಭವಾಗಿತ್ತು. ಬಿಡುವ ಹೊತ್ತು ಬಂದಾಗ ನನ್ನ ಪ್ರಾಣ ಬಾಯಿಗೆ ಬಂತು.

ಗಂಜಿ

ಕೆಲವು ತಿಂಗಳಾದ ಮೇಲೆ ಡಾಕ್ಟರು, "ಸಾವಕಾರ್ರ, ಇನ್ನ ಗುಳಿಗಿ ಸಾಕು. ಸಾವಕಾಶ ಕಡಿಮಿ ಮಾಡಿ ಬಿಟ್ಟಬಿಡೂಣು" ಎಂದರು. ಬೇರೆ ಯಾರಾದರೂ ಪೇಢೆ ಹಂಚುತ್ತಿದ್ದರು. ನನಗೆ ಗಂಜಿ ನೆನಪಾಯಿತು.

ನಮ್ಮ ಕಸುಬಿನಲ್ಲಿ ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಒಲೆಯ ಮೇಲೆ ತಿರುವುತ್ತಿರುವ ತನಕ ಅದು ಹೇಳಿದ ಮಾತು ಕೇಳುತ್ತದೆ. ಕೈ ಬಿಟ್ಟರೆ ಗಟ್ಟಿಯಾಗಿ ಕೂತುಬಿಡುತ್ತದೆ.

"ತಿರುವೂದು ನಿಲ್ಲಿಸಿದ್ರ ಗಂಜಿ ಗಟ್ಟಿ ಆಗ್ತದಲ್ರಿ ಡಾಕ್ಟರ್?" ಎಂದೆ.

"ನಿಮ್ಮ ಮೈಯಾಗ ಇರೂದು ರಕ್ತ, ಗಂಜಿ ಅಲ್ಲ. ಸುಮ್ಮ ತಿಂತಾ ಹೋದ್ರ ಎಲ್ಯಾರ ರಕ್ತ ಸೋರಿ ನಿಲ್ಲೂದೇ ಇಲ್ಲ. ಅದೂ ಜೀವಕ್ಕ ಧೋಕಾನೇ."

"ಅಂದ್ರ ತಿಂದ್ರೂ ಸಾಯ್ತೀನಿ, ಬಿಟ್ರೂ ಸಾಯ್ತೀನಿ?"

"ನೀವು ಸಾಯಂಗಿಲ್ರಿ. ಹಿಂಗ ಪ್ರಶ್ನಿ ಕೇಳ್ತಾ ಕುಂತ್ರ ನಾ ಸಾಯ್ತೀನಿ" ಎಂದು ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ತೆಳ್ಳನ ಅಡಿಗೆ

ಗುಳಿಗೆ ಅರ್ಧಕ್ಕೆ ಇಳಿಯಿತು. ಉಳಿದ ಅರ್ಧದ ಕೆಲಸವನ್ನು ನನ್ನ ಹೆಂಡತಿ ತನ್ನ ಮೈಮೇಲೆ ಎಳೆದುಕೊಂಡಳು. "ಡಾಕ್ಟರ್ ಬಿಟ್ರ ಬಿಡವಲ್ರ್ಯಾಕ, ನಾ ತೆಳ್ಳಗ ಇಡ್ತೀನಿ" ಎಂದು ಅಡಿಗೆಮನೆಗೆ ಹೋದಳು. ಅಂದಿನಿಂದ ಕಡಲೆಹಿಟ್ಟಿನ ಝುಣಕ ಬಂದ್, ಗಟ್ಟಿ ಮೊಸರು ಬಂದ್. ಬೇಳೆ ಸಾರಿನಲ್ಲಿ ಬೇಳೆ ಎಲ್ಲಿದೆಯೆಂದು ಹುಡುಕುವುದರಲ್ಲೇ ನನ್ನ ಊಟ ಮುಗಿಯುತ್ತಿತ್ತು. ಅವಳ ಮುಖದಲ್ಲಿದ್ದ ಹೆದರಿಕೆ ನೋಡಿ ನಾನು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದೆ. ಅವಳೂ ನನ್ನಷ್ಟೇ ಅಂಜಿದ್ದಳು, ಪಾಪ.

ಆಗ ಕರಜಗಿಯಿಂದ ಬೀಗರು ಬಂದರು, ನನ್ನ ಮಗಳ ಮಾವ. ಬೀಗರೆಂದು ಹೆಂಡತಿ ಗೋದಿಹುಗ್ಗಿ ಮಾಡಿದಳು, ಅದೂ ಹೊಸ ಪದ್ಧತಿಯಲ್ಲೇ. ಬೀಗರು ಹುಗ್ಗಿಯ ವಾಟಗಾ ಎತ್ತಿ ಒಂದೇ ಗುಟುಕಿಗೆ ಕುಡಿದು, ಮೀಸೆ ಒರೆಸಿಕೊಂಡು, "ಚಹಾ ಭಾಳ ಛಲೋ ಆಗ್ಯಾದ್ರಿ ಬೀಗತ್ಯಾರ. ಉಣ್ಣಾಕ ಇನ್ನಾ ಎಷ್ಟೊತ್ತು?" ಎಂದರು.

ಕ್ಷೌರ

ಪೂರಾ ಗುಳಿಗೆ ತಿನ್ನುವ ದಿನಗಳಲ್ಲಿ ಒಮ್ಮೆ ಕ್ಷೌರ ಮಾಡುವ ನಾವಿಂದನ ಕತ್ತಿ ಗದ್ದಕ್ಕೆ ಸ್ವಲ್ಪ ತಾಗಿತ್ತು. ಪಟಿಕ ತಿಕ್ಕಿದರೂ ರಕ್ತ ನಿಲ್ಲದೆ, ನಾವಿಂದ ಇದ್ದಬದ್ದ ದೇವರನ್ನೆಲ್ಲ ಕರೆದಿದ್ದ. ಅಂದಿನಿಂದ ನನ್ನ ಗದ್ದಕ್ಕೆ ಬಂದಾಗ ಉಸಿರು ಬಿಗಿಹಿಡಿಯುತ್ತಿದ್ದ.

ಗುಳಿಗೆ ಕಾಲುಭಾಗಕ್ಕೆ ಇಳಿದಾಗ ರಕ್ತ ಎಷ್ಟು ಗಟ್ಟಿಯಾಗಿದೆ ಎಂಬ ಚಿಂತೆ ನನಗೆ ಹತ್ತಿತು. ಡಾಕ್ಟರು ಸೊಲ್ಲಾಪುರದಲ್ಲಿ, ನಾವಿಂದ ಎದುರಿಗೇ. "ಒಂದೀಟ ಕೊಯ್ಯೋ" ಎಂದೆ.

ಅವನ ಕೈ ನಿಂತಿತು. "ಏನಂದ್ರಿ ಸಾವಕಾರ್ರ?"

"ಒಂದ ಸಣ್ಣ ಗಾಯ ಮಾಡು. ರಕ್ತ ಲಗೂನ ನಿಂತ್ರ ಗಟ್ಟಿ ಆಗೇದ ಅಂತ, ನಿಲ್ಲಲಿಲ್ಲಂದ್ರ ಇನ್ನಾ ತೆಳ್ಳಗ ಅದ ಅಂತ."

ಅವನು ಕತ್ತಿ ಮಸೆದ, ಗದ್ದ ಹಿಡಿದ, ಬಿಟ್ಟ, ಮತ್ತೆ ಹಿಡಿದ. ಬೆವರು ಒರೆಸಿಕೊಂಡು ಕೊನೆಗೆ ಕೈಮುಗಿದ. "ಆಗಂಗಿಲ್ರಿ. ಬ್ಯಾಡಂದಾಗ ತಾನ ಆಗ್ತದ, ಬೇಕಂದ್ರ ಕೈ ಏಳವಲ್ದು!"

ಬೀರೋಬನ ಹೂವು

ಪೂರ್ತಿ ಬಿಡುವ ದಿನ ಹತ್ತಿರ ಬಂತು. ನಿದ್ದೆ ಹತ್ತದು, ಅನ್ನ ಸೇರದು. ಬೀಗರು, "ಡಾಕ್ಟರ್ ಹೇಳ್ಯಾನ ಖರೆ. ಬೀರೋಬಾನೂ ಒಂದ ಮಾತ ಹೇಳಬೇಕಲ್ಲ?" ಎಂದು ನನ್ನನ್ನೂ ಹೆಂಡತಿಯನ್ನೂ ಎಸ್‌ಟಿ ಬಸ್ಸು ಹತ್ತಿಸಿ ಕರಜಗಿಯ ಬೀರೋಬನ ಗುಡಿಗೆ ಕರೆದೊಯ್ದರು.

ಅಲ್ಲಿಯ ಪದ್ಧತಿ ಹೀಗೆ. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಹಚ್ಚುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕೂಡಬೇಕು. ಬಲದ ಹೂವು ಬಿದ್ದರೆ ಹೂಂ, ಎಡದ್ದು ಬಿದ್ದರೆ ಊಹೂಂ. ನಾನು ತೆಂಗಿನಕಾಯಿ ಕೊಟ್ಟು, ಗುಳಿಗೆಯ ಬಾಟಲಿ ಮುಷ್ಟಿಯಲ್ಲಿ ಹಿಡಿದು, "ಬಿಡ್ಲೇನಪ್ಪಾ?" ಎಂದು ಮನಸ್ಸಿನಲ್ಲೇ ಕೇಳುತ್ತ ಕೂತೆ. ಪಕ್ಕದಲ್ಲಿ ಒಬ್ಬ ಕುರುಬ ಕಣ್ಣು ಮುಚ್ಚಿ ಕೂತಿದ್ದ. ನನ್ನ ಎದೆ ಹೊಡೆದುಕೊಳ್ಳುವುದು ಅವನಿಗೂ ಕೇಳಿಸಿರಬೇಕು.

ಪಟ್ಟನೆ ಬಲದ ಹೂವು ಬಿತ್ತು.

ನನಗೆ ಕಣ್ಣೀರೇ ಬಂತು. ಎದ್ದವನೇ ಗುಡಿಯ ಹಿಂದಿನ ಹಾಳು ಬಾವಿಗೆ ಬಾಟಲಿ ಎಸೆದು, ಕುಣಿಯುತ್ತ ಒಳಗೆ ಬಂದೆ.

ಪೂಜಾರಿ ನನ್ನನ್ನು ಪಿಳಿಪಿಳಿ ನೋಡಿದ. "ನೀವ್ಯಾಕ ಕುಣ್ಯಾಕತ್ತೀರಿ ಸಾವಕಾರ್ರ? ಆ ಹೂವು ಈ ಅಣ್ಣಂದು. ಟಗರ ಮಾರಲೇನು ಅಂತ ಕೇಳಿದ್ನಂತ, ಈಗ ಹೇಳ್ದ. ನಿಮ್ಮದು ಇನ್ನಾ ಹಚ್ಚೇ ಇಲ್ಲ."

ಕುಣಿಯುತ್ತಿದ್ದವನು ಅಲ್ಲೇ ನೆಲಕ್ಕೆ ಕೂತೆ. ಬೀಗರು ಬಾವಿಯ ಕಡೆ ನೋಡಿದರು. ಪೂಜಾರಿ ಹೂವು ಒದ್ದೆ ಮಾಡಿಕೊಂಡು, "ಈಗ ಹಚ್ಚಲೇನ್ರಿ?" ಎಂದ.

ನನ್ನ ಹೆಂಡತಿ ಅವನಿಗೆ ಅಡ್ಡ ನಿಂತಳು. "ಬ್ಯಾಡ್ರಿ ಪೂಜಾರಿ! ಎಡದ ಹೂವು ಬಿತ್ತಂದ್ರ ಇವರು ಬಾವ್ಯಾಗ ಇಳೀತಾರ. ಎದಿಯಿಂದ ಉಳದವರು ಮುಳುಗಿ ಸಾಯೂದು ಬ್ಯಾಡ." ನನ್ನ ಕಡೆ ತಿರುಗಿ ಕೈಹಿಡಿದು ಎಬ್ಬಿಸಿದಳು. "ಏಳ್ರಿ. ಏನಾಗ್ತದೋ ಇಬ್ಬರೂ ನೋಡೂಣು."

ಏನೂ ಆಗಲಿಲ್ಲ. ಅಂಜುತ್ತಲೇ ದಿನ ಕಳೆದವು, ಬರಬರುತ್ತ ಅಂಜಿಕೆಯೂ ಕಳೆಯಿತು. ಮುಂದೆ ಇಬ್ಬರೂ ಸೊಲ್ಲಾಪುರಕ್ಕೆ ಹೋದಾಗ ಡಾಕ್ಟರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಬೆನ್ನು ತಟ್ಟಿ, "ಶಾಬಾಸ್! ಕಡೀಕ ನನ್ನ ಮಾತ ಕೇಳಿದ್ರಿ. ಬಿಟ್ಟಿದ್ದು ಎಷ್ಟ ಛಲೋ ಆತು ನೋಡ್ರಿ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಭಾಳ ಛಲೋ ಆತ್ರಿ ಡಾಕ್ಟರ್. ಟಗರಿಗೂ ಗಿರಾಕಿ ಸಿಕ್ಕಿತಂತ."